ಹಿಂದಿನ ಸೀಟಿನ ಟೊಕ್ ಮಾಮ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನಾನು, ಕಾರನ್ನು ನೋಡಿಕೊಳ್ಳುವವರು ನಮ್ಮ ಯಜಮಾನರು ಪಟ್ಟಾಭಿರಾಮರು. ಸ್ಟೀರಿಂಗ್ ಹಿಡಿದರೆ ಸಾಕು, ಅವರಿಗೆ ಎದುರಿಗೆ ಬರುವವರೆಲ್ಲ ಮೂರ್ಖರಾಗಿ ಕಾಣಿಸುತ್ತಾರೆ. ಒಂದು ಸಲ ಜಾಲಹಳ್ಳಿ ಕ್ರಾಸಿನಲ್ಲಿ ಹಾರ್ನ್ ಹೊಡೆದ ಟೆಂಪೋದವನ ಜೊತೆ ಇಳಿದು ವಾದಕ್ಕೆ ನಿಂತು ರಸ್ತೆಯನ್ನೇ ಕಟ್ಟಿಹಾಕಿದರು. ಅವತ್ತೇ ತೀರ್ಮಾನ ಮಾಡಿ ನಾನು ಲೈಸೆನ್ಸ್ ಮಾಡಿಸಿಕೊಂಡೆ. ಬಾನೆಟ್ ಎತ್ತುವುದು, ಕಾರಿನ ಕೆಳಗೆ ತೂರುವುದು ಅವರಿಗೆ ಉಳಿಯಿತು. ಸರ್ಕಾರಿ ಕಾರ್ಖಾನೆಯಲ್ಲಿ ಅಚ್ಚು, ಬಿಡಿಭಾಗ ಕಡೆಯುವ ಟೂಲ್ ರೂಮಿನಲ್ಲಿ ದುಡಿದು ರಿಟೈರಾದವರು. ಅವರು ಮಾಡಿದ ವಸ್ತು ಕೂದಲೆಳೆಯಷ್ಟೂ ಆಚೀಚೆ ಆಗುವುದಿಲ್ಲ. ನಮ್ಮ ಬಾಗಿಲಿನ ಚಿಲಕ, ನನ್ನ ಶ್ಯಾವಿಗೆ ಒರಳು, ದೇವರ ಮನೆಯ ಗಂಟೆಯ ಕೊಂಡಿ, ಎಲ್ಲ ಅವರ ಕೈಯದ್ದೇ. ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮುಂದಿನದ್ದು ತಿಳಿಯಬೇಕಾದರೆ ಇದು ಗೊತ್ತಿರಬೇಕು.

ಕಾರು ಹಳೆಯದು. ಮಗಳು ಶರಣ್ಯ ಹೈಸ್ಕೂಲಿನಲ್ಲಿದ್ದಾಗ ಕೊಂಡದ್ದು, ಈಗ ಅವಳ ಮಗ ವಿಶ್ರುತ್ ಯುಕೆಜಿ. ಅಳಿಯನಿಗೆ ಪುಣೆಯಲ್ಲಿ ಕೆಲಸ, ಆದ್ದರಿಂದ ಮಗಳು ಮೊಮ್ಮಗ ಇಬ್ಬರೂ ಲಗ್ಗೆರೆಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಅವಳು ಬೆಳಿಗ್ಗೆ ಮೆಟ್ರೋ ಹಿಡಿದು ವೈಟ್‌ಫೀಲ್ಡಿಗೆ ಓಡುತ್ತಾಳೆ. ಮಗುವನ್ನು ಸ್ಕೂಲಿಗೆ ಬಿಡುವುದು, ಕರೆದುಕೊಂಡು ಬರುವುದು ನನ್ನ ಪಾಲು. ಪೀಣ್ಯದ ಫ್ಯಾಕ್ಟರಿ ರಸ್ತೆಗಳಲ್ಲಿ ಲಾರಿಗಳ ನಡುವೆ ನುಸುಳಿ, ತುಮಕೂರು ರಸ್ತೆ ದಾಟಿ ದಾಸರಹಳ್ಳಿ ಕಡೆ ಹೋಗಬೇಕು. ಮಗು ಹಿಂದೆ ಎಡಗಡೆ, ತನ್ನ ಎತ್ತರದ ಪುಟ್ಟ ಸೀಟಿನ ಮೇಲೆ ಬೆಲ್ಟು ಹಾಕಿಕೊಂಡು ರಾಜನ ಹಾಗೆ ಕೂರುತ್ತದೆ.

ಕಳೆದ ಆಯುಧಪೂಜೆಗೆ ಮುಂಚೆ ಯಜಮಾನರು ಕಾರಿನ ಕೆಳಗೆ ತೂರಿದಾಗ ಒಂದು ಬುಷ್ ಬಿರುಕು ಬಿಟ್ಟಿದ್ದು ಕಂಡಿತು. ಹಿಂದಿನ ಚಕ್ರಗಳ ಅಡ್ಡದಂಡವನ್ನು ಕಾರಿನ ತಳಕ್ಕೆ ಹಿಡಿದುಕೊಳ್ಳುವ ಉದ್ದನೆಯ ತೋಳೊಂದಿದೆಯಂತೆ, ಎಡಕ್ಕೊಂದು ಬಲಕ್ಕೊಂದು. ತೋಳಿನ ತುದಿಯಲ್ಲಿ ಬಳೆಯಂಥ ರಬ್ಬರ್ ಬುಷ್, ಅದರೊಳಗೆ ಬೋಲ್ಟು. ಎಡಗಡೆಯದ್ದು ಹೋಗಿತ್ತು. ಬೇರೆಯವರಾಗಿದ್ದರೆ ಅಂಗಡಿಗೆ ಹೋಗಿ ಹೊಸ ರಬ್ಬರ್ ತರುತ್ತಿದ್ದರು. ಇವರು ಆ ಹಳೆಯದನ್ನು ಬೆರಳಲ್ಲಿ ಹಿಸುಕಿ, "ಥೂ, ಇದೊಂದು ವಸ್ತುನಾ? ಹಿಸುಕಿದ್ರೆ ಬಗ್ಗುತ್ತೆ" ಎಂದು ನನ್ನ ಕಣ್ಣೆದುರಿಗೇ ಕಸದ ಬುಟ್ಟಿಗೆ ಹಾಕಿದರು.

ಪೀಣ್ಯದಲ್ಲಿ ಚಿನ್ನಪ್ಪ ಅಂತ ಇವರ ಹಳೆಯ ಸಹೋದ್ಯೋಗಿ ಲೇತ್ ಇಟ್ಟುಕೊಂಡಿದ್ದಾರೆ. ಇಬ್ಬರೂ ಸೇರಿ ಗನ್‌ಮೆಟಲ್ ಎಂಬ ಗಟ್ಟಿ ಕಂಚಿನಲ್ಲಿ ಬುಷ್ ಕಡೆದರು. ಹಬ್ಬದ ದಿನ ಅದು ನಮ್ಮ ದೇವರ ಮುಂದೆ, ಸ್ಪ್ಯಾನರು ಸುತ್ತಿಗೆಗಳ ಪಕ್ಕದಲ್ಲಿ, ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದುಕೊಂಡು ಚಿನ್ನದ ಒಡವೆಯಂತೆ ಹೊಳೆಯುತ್ತಿತ್ತು. ಪ್ರಸಾದಕ್ಕೆ ಬಂದಿದ್ದ ಚಿನ್ನಪ್ಪ ನನ್ನನ್ನು ಕರೆದು ತೋರಿಸಿದರು.

"ನೋಡಿ ಅಮ್ಮಾವ್ರೇ, ಇನ್ನು ನಿಮ್ ಕಾರು ಸ್ಕ್ರಾಪಿಗೆ ಹೋದ್ರೂ ಈ ಬುಷ್ ಇಂಗೇ ಇರ್ತದೆ."

ಆ ಮಾತು ನಿಜವಾಗಿಬಿಟ್ಟಿತು ನೋಡಿ.

ಮರುದಿನವೇ ಯಜಮಾನರು ಅದನ್ನು ತೋಳಿಗೆ ಕೂರಿಸಿದರು. ಕಾರ್ತಿಕ ಮಾಸದ ಹೊತ್ತಿಗೆ ಶಬ್ದ ಶುರುವಾಯಿತು. ಮೊದಲು ಕೇಳಿಸಿಕೊಂಡದ್ದು ನಾನಲ್ಲ, ಮಗು. ಲಾರಿ ಸ್ಟ್ಯಾಂಡಿನ ಪಕ್ಕ ಬಲಕ್ಕೆ ತಿರುಗುತ್ತಿದ್ದೆವು.

"ಅಜ್ಜಿ, ನನ್ ಸೀಟ್ ಕೆಳಗೆ ಯಾರೋ ಟೊಕ್ ಅಂದ್ರು."

"ಕಲ್ಲು ಹೊಡೆದಿರ್ಬೇಕು ಕಂದ."

ಮರುದಿನ ಅದೇ ತಿರುವಿನಲ್ಲಿ ನನಗೂ ಕೇಳಿಸಿತು. ಮರದ ಬಾಗಿಲನ್ನು ಯಾರೋ ಒಂದೇ ಬೆರಳಲ್ಲಿ ತಟ್ಟಿದಂತೆ. ಶಬ್ದ ಜೋರಾಗಿರಲಿಲ್ಲ. ಆದರೆ ಅದರ ಜೊತೆಗೆ ಕಾರಿನ ಹಿಂಭಾಗ ಒಂದು ಗಳಿಗೆ ನನ್ನ ಮಾತು ಕೇಳಲಿಲ್ಲ. ನಾನು ಬಲಕ್ಕೆ ಅಂದರೆ ಅದು ಸ್ವಲ್ಪ ತಡೆದು ಬಂತು. ಇಷ್ಟು ವರ್ಷ ಅದೇ ಸ್ಟೀರಿಂಗ್ ಹಿಡಿದ ಕೈಗೆ ಅದು ತಿಳಿಯುತ್ತದೆ. ಮಗುವಿಗೆ ಮಾತ್ರ ಖುಷಿ. ಸೀಟಿನ ಕೆಳಗೆ ಟೊಕ್ ಮಾಮ ಇದ್ದಾನೆ ಎಂದು ತಾನೇ ಹೆಸರಿಟ್ಟು, ದಿನಾ ಹತ್ತಿದ ಕೂಡಲೇ ಬಗ್ಗಿ ಗುಡ್ ಮಾರ್ನಿಂಗ್ ಹೇಳತೊಡಗಿತು.

ಯಜಮಾನರಿಗೆ ಹೇಳಿದೆ. ಅವರು ಕಾರಿನ ಹಿಂದಿನ ಮೂಲೆಯ ಮೇಲೆ ಎರಡೂ ಕೈ ಊರಿ ಒತ್ತಿ ಬಿಟ್ಟರು. ಕಾರು ಒಂದು ಸಲ ಎದ್ದು ಸುಮ್ಮನೆ ನಿಂತಿತು.

"ನೋಡು, ಶಾಕ್ ಅಬ್ಸಾರ್ಬರ್ ಹೋಗಿದ್ರೆ ಕುಣೀತಾ ಇರ್ಬೇಕಿತ್ತು. ಕುಣೀತಾ?"

"ಕುಣಿಯೋದು ಬೇರೆ, ಟೊಕ್ ಅನ್ನೋದು ಬೇರೆ. ಹಿಂದೆ ಭಾರ ಇದ್ರೇನೇ ಬರೋದು, ನೀವೊಂದ್ಸಲ ಬಂದು ಹಿಂದೆ ಕೂತ್ಕೊಳ್ರಿ."

"ಡಿಕ್ಕಿಲಿ ಏನೇನು ತುಂಬ್ಕೊಂಡಿದೀಯೋ, ಅದು ಉರುಳ್ತಿರುತ್ತೆ" ಎಂದು ಒಳಗೆ ಹೋದರು.

ಡಿಕ್ಕಿ ಖಾಲಿ ಮಾಡಿದೆ. ಜಾಕು, ಮಗುವಿನ ಬ್ಯಾಟು, ನೀರಿನ ಕ್ಯಾನು, ಎಲ್ಲ ತೆಗೆದೆ. ಸ್ಟೆಪ್ನಿಯ ನಟ್ಟು ಬಿಗಿ ಮಾಡಿಸಿದೆ. ಟೊಕ್ ಮಾಮ ಹೋಗಲಿಲ್ಲ. ಹಠ ಹಿಡಿದು ಇವರನ್ನು ಮಲ್ಲಿಕ್‌ನ ಗ್ಯಾರೇಜಿಗೆ ಹೊರಡಿಸಿ ನಾನೂ ಜೊತೆಗೆ ಹೋದೆ. ಮಲ್ಲಿಕ್ ಒಳ್ಳೆಯ ಮೆಕ್ಯಾನಿಕ್, ಸುಳ್ಳು ಹೇಳುವವನಲ್ಲ. ಕಾರನ್ನು ಮೇಲೆತ್ತಿ ಸ್ಪ್ರಿಂಗ್ ನೋಡಿದ, ಚಕ್ರ ಅಲ್ಲಾಡಿಸಿದ, ಒಂದೊಂದು ಜಾಯಿಂಟಿಗೂ ಕಬ್ಬಿಣದ ಸಲಾಕೆ ಹಾಕಿ ಮೀಟಿದ. ಎಡಗಡೆಯ ತೋಳಿನ ಹತ್ತಿರ ಬಂದು ನಿಂತ.

"ಯೇ ಬುಷ್ ಯಾರ್ದು ಸಾರ್? ಸಲಾಕೆ ಹಾಕಿದ್ರೂ ಮಿಸುಕ್ತಾ ಇಲ್ಲ. ಸಕ್ಕತ್ ಟೈಟ್."

ನಮ್ಮವರ ಮುಖ ನೋಡಬೇಕಿತ್ತು ಆಗ. ಮೊಮ್ಮಗ ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ. ಮಲ್ಲಿಕ್ ಅಲ್ಲಿಗೆ ಆ ಕಡೆ ನೋಡುವುದು ಬಿಟ್ಟ. ತೋಳನ್ನು ಕಾರಿಗೆ ಹಿಡಿದಿದ್ದ ಬ್ರ್ಯಾಕೆಟ್ಟಿನ ಮೇಲೆ ತುಕ್ಕು ಹಿಡಿಯದಿರಲೆಂದು ಬಳಿಸಿದ ಕರಿ ಲೇಪ ಟಾರಿನಂತೆ ದಪ್ಪಗೆ ಕೂತಿತ್ತು. ಅದನ್ನು ಕೆರೆದು ನೋಡಬೇಕೆಂದು ಇಬ್ಬರಿಗೂ ಅನಿಸಲಿಲ್ಲ. ಮಲ್ಲಿಕ್ ನನ್ನ ಸಮಾಧಾನಕ್ಕೆ ಶಾಕ್ ಅಬ್ಸಾರ್ಬರುಗಳನ್ನು ಬದಲಾಯಿಸಿಕೊಟ್ಟ. ಮರುದಿನ ಅದೇ ತಿರುವಿನಲ್ಲಿ ಟೊಕ್ ಎಂದಿತು. "ಟೊಕ್ ಮಾಮ ಬಂದ" ಎಂದು ಮಗು ಚಪ್ಪಾಳೆ ತಟ್ಟಿತು.

ಅಲ್ಲಿಂದ ನನಗೆ ನಿಜವಾದ ಭಯ ಹತ್ತಿತು. ಪಕ್ಕದಲ್ಲಿ ಲಾರಿಯ ಚಕ್ರ ಬಂದರೆ ನಿಧಾನ ಮಾಡಿ ಅದನ್ನು ಮುಂದೆ ಬಿಡುತ್ತಿದ್ದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡುವ ಬದಲು ಮಗುವಿನ ಮುಖ ನೋಡುತ್ತಿದ್ದೆ. ಹಿಂದಿನವರು ಹಾರ್ನ್ ಹೊಡೆದು ಬೈದು ಮುಂದೆ ಹೋಗುತ್ತಿದ್ದರು. ಹೋಗಲಿ, ಬೈಯಲಿ. ಶರಣ್ಯಳಿಗೆ ಹೇಳಿದರೆ, "ಅಪ್ಪ ಚೆಕ್ ಮಾಡಿದಾರಲ್ಲಮ್ಮ, ಮಲ್ಲಿಕ್ ಕೂಡ ನೋಡಿದಾನೆ. ನೀನು ಸುಮ್‌ಸುಮ್ನೆ ತಲೆ ಕೆಡಿಸ್ಕೋಬೇಡ" ಎಂದಳು. ನಮ್ಮ ಮನೆಯಲ್ಲಿ ಅಪ್ಪ ನೋಡಿದ್ದಾರೆ ಎಂದರೆ ಅಲ್ಲಿಗೆ ಮುಗಿಯಿತು.

ಸಂಕ್ರಾಂತಿಯ ಬೆಳಿಗ್ಗೆ ಗೇಟಿನ ಮುಂದೆ ದೊಡ್ಡ ರಂಗೋಲಿ ಹಾಕಿದ್ದೆ, ರಸ್ತೆಯ ಅರ್ಧದವರೆಗೂ ಬಂದಿತ್ತು. ದೇವಸ್ಥಾನಕ್ಕೆಂದು ಕಾರನ್ನು ಅದರ ಮೇಲೆಯೇ ನೇರವಾಗಿ ಹೊರಗೆ ತೆಗೆದು, ಗೇಟು ಹಾಕಲು ಇಳಿದು ಹಿಂತಿರುಗಿ ನೋಡಿದೆ. ಪುಡಿಯ ಮೇಲೆ ಚಕ್ರಗಳ ಗುರುತು ಬಿದ್ದಿತ್ತು. ದಿನಾ ಬೀಳುವುದೇ. ಮುಂದಿನ ಚಕ್ರದ ಗುರುತಿನ ಮೇಲೆ ಹಿಂದಿನದ್ದು ಎರಡೂ ಕಡೆ ಒಂದೇ ರೀತಿ ಕೂರುತ್ತದೆ. ಅವತ್ತು ಹಾಗೆ ಕೂತಿರಲಿಲ್ಲ. ಎಡಗಡೆ ಹಿಂದಿನ ಚಕ್ರ ಗುರುತು ಬಿಟ್ಟು ಹೊರಗೆ ಹೋಗಿತ್ತು, ಬಲಗಡೆ ಒಳಗೆ ಬಂದಿತ್ತು. ಅಂದರೆ ಕಾರು ನೆಟ್ಟಗೆ ಹೋಗುತ್ತಿದ್ದರೂ ಅದರ ಹಿಂಭಾಗ ಏಡಿಯಂತೆ ಓರೆಯಾಗಿ ಬರುತ್ತಿದೆ.

ಯಜಮಾನರನ್ನು ಕರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಸ್ಟೀರಿಂಗ್ ಸೊಟ್ಟ ಹಿಡಿದಿರ್ತೀಯ."

"ರೀ, ಮಗು ಕೂರೋ ಜಾಗ ಕಣ್ರೀ ಅದು. ನಿಮಗೆ ಭಯ ಆಗಲ್ವಾ?"

"ನಾನು ಮಾಡಿದ್ದರಲ್ಲಿ ಒಂದು ಚೂರು ಪ್ಲೇ ಇಲ್ಲ, ಅಲ್ಲಾಡೋದೇ ಇಲ್ಲ, ಲಕ್ಷ್ಮಿ. ಭಯ ಯಾಕೆ ಆಗ್ಬೇಕು?"

ಸಿಟ್ಟು ಮೊದಲೇ ನನ್ನ ಮೂಗಿನ ತುದಿಯಲ್ಲಿರುತ್ತದೆ. ಇನ್ನು ಮಗು ಈ ಕಾರು ಹತ್ತುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟೆ. ಆ ವಾರವೆಲ್ಲ ಆಟೋದಲ್ಲಿ ಕರೆದುಕೊಂಡು ಹೋದೆ. ಇವರು ಮುಖ ಊದಿಸಿಕೊಂಡು ಓಡಾಡಿದರು. ಸಾರಿಗೆ ಉಪ್ಪು ಕಡಿಮೆಯಾದರೂ ಕೇಳದೆ ಉಂಡರು, ಅಷ್ಟು ಕೋಪ. ಶನಿವಾರ ಕಾಫಿ ಲೋಟ ಇಡುತ್ತ ತೀರ್ಪು ಕೊಟ್ಟರು.

"ನಾಳೆ ನಾನೇ ಡಿಕ್ಕಿಲಿ ಕೂತು ಕಿವಿಯಾರೆ ಕೇಳ್ತೀನಿ. ಏನೂ ಇಲ್ಲ ಅಂತಾದ್ರೆ ಸೋಮವಾರದಿಂದ ಮಗು ಕಾರಲ್ಲೇ ಹೋಗ್ಬೇಕು. ಒಪ್ತೀಯಾ?"

ಒಪ್ಪಿದೆ. ಒಪ್ಪಿದ ಮೇಲೆ ಇನ್ನೊಂದು ಹೆದರಿಕೆ ಹಿಡಿಯಿತು. ನಾಳೆ ಆ ದರಿದ್ರದ ಶಬ್ದ ಬಾರದಿದ್ದರೆ? ಸೋಮವಾರ ನಾನೇ ನನ್ನ ಕೈಯಾರೆ ಮಗುವಿಗೆ ಬೆಲ್ಟು ಹಾಕಿ ಅಲ್ಲಿ ಕೂರಿಸಬೇಕು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಹೊರಟೆವು. ವಿಶ್ರುತ್ ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ನಾನೂ ಬರ್ತೀನಿ ತಾತ. ಟೊಕ್ ಮಾಮ ಎಲ್ಲಿದಾನೆ ಅಂತ ತೋರಿಸ್ತೀನಿ."

"ಬರ್ಲಿ ಬಿಡು" ಎಂದರು ಇವರು. "ಹಿಂದೆ ಭಾರ ಇದ್ದಾಗಲೇ ಶಬ್ದ ಬರೋದು ಅಂತ ನೀನೇ ಹೇಳ್ತೀಯಲ್ಲ. ಅವನು ಅವನ ಜಾಗದಲ್ಲಿ ಕೂತ್ರೆ ಸರಿಯಾಗುತ್ತೆ."

"ಬೇಡ" ಎಂದೆ. ಎಷ್ಟು ಜೋರಾಗಿ ಎಂದೆನೋ, ಎದುರುಮನೆಯ ಅಂಜನಮ್ಮ ಕಸಪೊರಕೆ ಹಿಡಿದು ಹೊರಗೆ ಬಂದರು. ಮಗು ಅಳಲು ಶುರುಮಾಡಿತು. ಶರಣ್ಯ ನನ್ನನ್ನು ಕೆಕ್ಕರಿಸಿ ನೋಡಿ ಅವನನ್ನು ಎತ್ತಿಕೊಂಡು ಒಳಗೆ ಹೋದಳು.

ಟೂಲ್ ರೂಮಿನವರಿಗೆ ಅರೆಬರೆ ಪರೀಕ್ಷೆ ಹಿಡಿಸುವುದಿಲ್ಲ. ಮಗುವಿನ ತೂಕಕ್ಕೆ ಬದಲು ಇರಲೆಂದು ಅಡುಗೆಮನೆಯಿಂದ ಅಕ್ಕಿಮೂಟೆ ಹೊತ್ತು ತಂದು, ಮಗುವಿನ ಸೀಟಿನ ಮೇಲೆ ನಿಲ್ಲಿಸಿ, ಬೆಲ್ಟು ಎಳೆದು ಹಾಕಿದರು. ಮೂಟೆಯ ಕಟ್ಟು ವಿಶ್ರುತನ ಕುತ್ತಿಗೆಯ ಎತ್ತರಕ್ಕೆ ಬಂತು. ಆಮೇಲೆ ಡಿಕ್ಕಿಯ ಹಲಗೆ ತೆಗೆದು, ಆಳು ಸಣ್ಣಕಿದ್ದಾರೆ, ಮಂಡಿ ಮಡಚಿಕೊಂಡು ಒಳಗೆ ಸೇರಿಕೊಂಡು ಎಡಗಡೆಯ ಚಕ್ರದ ಗುಮ್ಮಟಕ್ಕೆ ಕಿವಿ ಹಚ್ಚಿ ಮಲಗಿದರು. ಬೇರೆ ದಿನವಾಗಿದ್ದರೆ ನಗು ತಡೆಯಲಾಗುತ್ತಿರಲಿಲ್ಲ. ಅವತ್ತು ಡಿಕ್ಕಿಯ ಬಾಗಿಲು ಹಾಕಿ, ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಒತ್ತಿ ನೋಡಿದೆ.

ರಜೆಯ ದಿನ ಪೀಣ್ಯದ ರಸ್ತೆಗಳು ಬೇರೆ ಊರಿನಂತಿರುತ್ತವೆ. ಶಟರುಗಳೆಲ್ಲ ಕೆಳಗೆ, ಯಂತ್ರಗಳ ಸದ್ದಿಲ್ಲ, ಲಾರಿಗಳು ಸಾಲಾಗಿ ನಿಂತಿದ್ದವು. ಸದ್ದಿಲ್ಲದ್ದರಿಂದ ಕಾರಿನ ಒಂದೊಂದು ಕಿರುಗುಟ್ಟುವಿಕೆಯೂ ನನ್ನ ಬೆನ್ನುಹುರಿಗೆ ತಾಗುತ್ತಿತ್ತು. ಮೊದಲ ತಿರುವು ತೆಗೆದುಕೊಂಡೆ.

ಟೊಕ್.

"ಕೇಳಿಸ್ತಾ?" ಎಂದೆ.

ಸ್ವಲ್ಪ ದೂರ ಹೋದ ಮೇಲೆ, "ಇನ್ನೊಂದ್ಸಲ ತಿರುಗ್ಸು" ಎಂದರು. ದನಿ ಎಂದಿನಂತಿರಲಿಲ್ಲ.

ಗುಂಡಿ ಇದ್ದಲ್ಲಿ ಬೇಕೆಂದೇ ಎಡಚಕ್ರ ಇಳಿಸಿ ತಿರುಗಿಸಿದೆ. ಈ ಸಲ ಟೊಕ್ ಅನ್ನಲಿಲ್ಲ, ಕರ್ರ್ ಎಂದು ಏನೋ ಹರಿದಂತಾಯಿತು.

"ಲಕ್ಷ್ಮಿ, ಸ್ಲೋ ಮಾಡು" ಎಂದರು. "ಬುಷ್ ಅಲ್ಲ. ಅದರ ಮೇಲೆ ಎಲ್ಲೋ. ನಿಲ್ಸು, ನಿಲ್ಸು."

ಎದುರಿಗೆ ರಸ್ತೆಯ ಎಡಕ್ಕೆ ಕಬ್ಬಿಣದ ಸರಳು ತುಂಬಿದ ಲಾರಿ ನಿಂತಿತ್ತು. ಸರಳುಗಳು ಲಾರಿಯ ಹಿಂದಕ್ಕೆ ಮಾರುದ್ದ ಚಾಚಿಕೊಂಡಿದ್ದವು, ತುದಿಗೆ ಕೆಂಪು ಬಟ್ಟೆ ಕಟ್ಟಿದ್ದರು. ಅದನ್ನು ದಾಟಿ ನಿಲ್ಲಿಸೋಣ ಎಂದು ಬಲಕ್ಕೆ ತಿರುಗಿಸಿ ಬ್ರೇಕ್ ಮೇಲೆ ಕಾಲಿಟ್ಟೆ. ಹಿಂದೆ ಧಡ್ ಎಂದು ಸದ್ದಾಯಿತು. ಸ್ಟೀರಿಂಗ್ ನನ್ನ ಕೈಯಲ್ಲೇ ಇತ್ತು, ಕಾರು ಇರಲಿಲ್ಲ. ಹಿಂಭಾಗ ತನ್ನಷ್ಟಕ್ಕೆ ಎಡಕ್ಕೆ ಬೀಸಿತು. ಕೆಂಪು ಬಟ್ಟೆ ಪಕ್ಕದ ಕಿಟಕಿಯಲ್ಲಿ ಹಾದುಹೋದದ್ದು ಕಂಡಿತು. ಆಮೇಲೆ ಗಾಜು ಒಡೆಯಿತು.

ಕಾರು ನಿಂತಿತ್ತು. ನಾನು ಇನ್ನೂ ಬ್ರೇಕ್ ಒತ್ತುತ್ತಲೇ ಇದ್ದೆ. ಹಿಂದಿನಿಂದ ಸುರ್ರ್ ಎಂದು ಸಣ್ಣ ಸದ್ದು ಬರುತ್ತಿತ್ತು, ನಿಲ್ಲದೆ. ರಕ್ತ ಅಂದುಕೊಂಡೆ. ರಕ್ತ ಹಾಗೆ ಸದ್ದು ಮಾಡುವುದಿಲ್ಲ ಎಂದು ಗೊತ್ತು, ಆದರೂ ಹಾಗೆಯೇ ಅಂದುಕೊಂಡೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ.

"ಲಕ್ಷ್ಮಿ." ಡಿಕ್ಕಿಯಿಂದ ದನಿ ಬಂತು. "ಲಕ್ಷ್ಮಿ, ಮಾತಾಡೇ."

ಇವರು ಬದುಕಿದ್ದಾರೆ ಎಂದು ಗೊತ್ತಾದ ಮೇಲೆ ತಿರುಗಿದೆ. ಎಡಗಡೆಯ ಹಿಂದಿನ ಕಿಟಕಿಯಿಂದ ಒಂದು ಸರಳು ಒಳಗೆ ಬಂದಿತ್ತು. ಬಂದು, ಬೆಲ್ಟು ಹಾಕಿ ಕೂರಿಸಿದ್ದ ಅಕ್ಕಿಮೂಟೆಯ ಕಟ್ಟಿನ ಸ್ವಲ್ಪ ಕೆಳಗೆ ಚುಚ್ಚಿಕೊಂಡಿತ್ತು. ತೂತಿನಿಂದ ಅಕ್ಕಿ ಸುರಿಯುತ್ತಿತ್ತು. ಮಗುವಿನ ಸೀಟಿನ ಮೇಲೆ ಬಿದ್ದು, ಅಲ್ಲಿಂದ ಕೆಳಗೆ, ಮಗು ಕಾಲಿಡುವ ಜಾಗಕ್ಕೆ.

ಹೇಗೆ ಇಳಿದೆನೋ, ಡಿಕ್ಕಿ ಹೇಗೆ ತೆಗೆದೆನೋ ನೆನಪಿಲ್ಲ. ಇವರು ಹೊರಗೆ ಬಂದರು, ಕೂದಲಲ್ಲಿ ಗಾಜಿನ ಚೂರು, ಮೊಣಕೈ ತರಚಿತ್ತು, ಅಷ್ಟೇ. ನನ್ನನ್ನೂ ಕಾರನ್ನೂ ನೋಡದೆ ನೇರ ರಸ್ತೆಯ ಮೇಲೆ ಅಂಗಾತ ಮಲಗಿ ಕೆಳಗೆ ತೂರಿದರು. ನಾನೂ ಬಗ್ಗಿ ನೋಡಿದೆ. ಬ್ರ್ಯಾಕೆಟ್ ಕಾರಿನ ತಳದಿಂದ ಹರಿದು ಬಂದು ನೇತಾಡುತ್ತಿತ್ತು. ಕರಿ ಲೇಪದ ಕೆಳಗೆ ಹಳೆಯ ಬಿರುಕಿನ ತುಕ್ಕು ಕೆಂಪಗೆ ಕಾಣುತ್ತಿತ್ತು. ಹರಿದ ಬ್ರ್ಯಾಕೆಟ್ಟಿನ ನಡುವೆ ಗನ್‌ಮೆಟಲ್ ಬುಷ್, ಪೂಜೆಗೆ ಇಟ್ಟ ದಿನ ಹೇಗಿತ್ತೋ ಹಾಗೆಯೇ.

ಅವರು ಅದನ್ನು ಹಿಡಿದು ಅಲ್ಲಾಡಿಸಿ ನೋಡಿದರು.

"ಇನ್ನೂ ಟೈಟಾಗೇ ಇದೆ" ಎಂದರು ಮೆಲ್ಲಗೆ.

ಆ ಕ್ಷಣ ನನಗೆ ಎಂಥ ಕೋಪ ಬಂತೆಂದರೆ, ಅಲ್ಲೇ ಬಿಟ್ಟು ಆಟೋ ಹತ್ತಿ ಹೋಗಿಬಿಡೋಣ ಅನಿಸಿತು. ಆದರೆ ಅವರು ಹೊಗಳಿಕೊಳ್ಳುತ್ತಿರಲಿಲ್ಲ. ಹೊರಗೆ ಬಂದು ಚಕ್ರಕ್ಕೆ ಒರಗಿ ಕೂತರು.

"ಕಾರು ವಾಲಿದಾಗೆಲ್ಲ ಆ ತೋಳು ತಿರುಚ್ಕೊಳ್ಳುತ್ತೆ ಕಣೇ. ರಬ್ಬರ್ ಇದ್ದಿದ್ದು ಅದಕ್ಕೇ, ಬಗ್ಗಲಿ ಅಂತ. ನಾನು ಬಗ್ಗೋಕೆ ಜಾಗನೇ ಕೊಡ್ಲಿಲ್ಲ. ತಿರುಚೋದೆಲ್ಲ ಮೇಲಿನ ಕಬ್ಬಿಣಕ್ಕೆ ಹೋಗಿ ಅದೇ ಹರ್ಕೊಂಡಿದೆ." ತರಚಿದ ಮೊಣಕೈ ಒರೆಸಿಕೊಂಡು ಹೇಳಿದರು, "ನಿಂಗೆ ಆವಾಗ್ಲಿಂದ ಕೇಳಿಸ್ತಿತ್ತು."

ಇಷ್ಟು ದಿನ ಈ ಒಂದು ಮಾತಿಗೆ ಕಾದಿದ್ದೆ. ಬಂದಾಗ ಗೆದ್ದೆ ಅನ್ನುವ ಸಂತೋಷ ಒಂದು ಚೂರೂ ಇರಲಿಲ್ಲ. ಪಕ್ಕದಲ್ಲಿ ಕೂತೆ. ಅವರು ಎದ್ದು ಒಡೆದ ಕಿಟಕಿಯ ಹತ್ತಿರ ಹೋಗಿ ಒಳಗೆ ಕೈ ಚಾಚಿದರು. ಹುಟ್ಟುಹಬ್ಬದ ದಿನ ಎತ್ತರ ಅಳೆಯಲು ಗೋಡೆಯ ಹತ್ತಿರ ನಿಲ್ಲಿಸಿ ಮಗುವಿನ ತಲೆಯ ಮೇಲೆ ಅಂಗೈ ಇಡುತ್ತಾರಲ್ಲ, ಹಾಗೆ ಮೂಟೆಯ ಮೇಲೆ ಗಾಳಿಯಲ್ಲಿ ಅಂಗೈ ಮಟ್ಟಸವಾಗಿ ಹಿಡಿದರು. ಅಲ್ಲಿಂದ ಮೆಲ್ಲಗೆ ಕೆಳಗೆ ಇಳಿಸಿದರು. ಅಂಗೈ ಸರಳಿಗೆ ತಾಗಿ ನಿಂತಿತು. ಆಮೇಲೆ ರಸ್ತೆಯ ಪಕ್ಕಕ್ಕೆ ಹೋಗಿ ತಿಂದ ಉಪ್ಪಿಟ್ಟನ್ನೆಲ್ಲ ವಾಂತಿ ಮಾಡಿಕೊಂಡರು. ನಾನು ಬೆನ್ನು ಸವರುತ್ತ ನಿಂತೆ.

ಮಲ್ಲಿಕ್ ಬಂದು ಕಾರನ್ನು ಎಳೆದುಕೊಂಡು ಹೋದ. ಕೆಳಗೆ ಬಗ್ಗಿ ನೋಡಿ, "ಕೋಟಿಂಗ್ ಕೆರೀಬೇಕಿತ್ತು ಅಮ್ಮ, ನಂದೂ ತಪ್ಪು" ಎಂದು ಕಿವಿ ಮುಟ್ಟಿಕೊಂಡ. ನಾವು ಆಟೋದಲ್ಲಿ ಮನೆಗೆ ಬಂದೆವು.

ಬಾಗಿಲಲ್ಲಿ ವಿಶ್ರುತ್ ಕಾಯುತ್ತಿದ್ದ. ಅತ್ತದ್ದೆಲ್ಲ ಮರೆತುಹೋಗಿತ್ತು.

"ತಾತ, ಟೊಕ್ ಮಾಮ ಸಿಕ್ಕಿದ್ನಾ?"

ಇವರು ಮೆಟ್ಟಿಲ ಮೇಲೆಯೇ ಕೂತು ಅವನನ್ನು ಹತ್ತಿರ ಎಳೆದುಕೊಂಡರು. ಶರಣ್ಯ ಒಳಗಿನಿಂದ ಬಂದು ಅಪ್ಪನ ಮೊಣಕೈ ನೋಡಿ ಬೆಚ್ಚಿದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

"ಸಿಕ್ಕಿದ ಕಂದ."

"ಯಾರು ಕೂರ್ಸಿದ್ರು ಅವನನ್ನ ಅಲ್ಲಿ?"

"ನಾನೇ. ಅಜ್ಜಿ ಬೇಡ ಅಂತಾನೇ ಇದ್ಲು."

ಅವನಿಗೆ ಅಷ್ಟು ಸಾಕಾಯಿತು. ತಾತನ ಅಂಗಿಯ ಮಡಿಕೆಗೆ ಬೆರಳು ತೂರಿಸಿ ಅಕ್ಕಿಕಾಳೊಂದನ್ನು ಹೆಕ್ಕಿ ತೆಗೆದ. ಇನ್ನೊಂದು ಸಿಕ್ಕಿತು, ಮತ್ತೊಂದು. "ಅಜ್ಜಿ, ತಾತನ ಮೇಲೆ ಯಾಕೆ ಅಕ್ಕಿ ಬಿದ್ದಿದೆ?" ಎಂದು ನನ್ನನ್ನು ಕೇಳಿದ.

ನಾನು ಅಡುಗೆಮನೆಗೆ ಹೋಗಿ, ಮೂಟೆ ಇಡುತ್ತಿದ್ದ ಜಾಗದಲ್ಲಿ ಕೂತುಕೊಂಡು ಅತ್ತೆ.